ಬೀದಿಗೆ ಮುಖ ಮಾಡಿ ಉಂಡವಳು

ಊಟಕ್ಕೆ ಕೂರುವಾಗ ಬೀದಿಗೆ ಬೆನ್ನು ಹಾಕಿ ಕೂರುವುದು ಬುಬು ಉನೈಸಿಗೆ ಬರುತ್ತಲೇ ಇರಲಿಲ್ಲ. ಸುವಾ ಎಂಬ ಬಂದರು ಪಟ್ಟಣದ ನಮ್ಮ ಗುಡ್ಡದ ಓಣಿಯಲ್ಲಿ ಸಂಜೆ ಆರರ ಸುಮಾರಿಗೆ, ಬಸ್ಸಿಳಿದವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುವ ವೇಳೆಗೆ, ಅವಳ ಮನೆಯ ಬಾಗಿಲು ಪೂರಾ ತೆರೆದಿರುತ್ತಿತ್ತು. ಹೂವಿನ ಚಿತ್ರದ ಪರದೆಯನ್ನು ಎತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿರುತ್ತಿದ್ದಳು. ಒಳಗೆ ಚಾಪೆಯ ಮೇಲೆ ಉದ್ದಕ್ಕೆ ಹಾಸಿದ ಬಟ್ಟೆಯ ತುದಿಯಲ್ಲಿ, ಹೊಸ್ತಿಲಿಗೆ ಎದುರಾಗಿ, ಕಾಲುಗಳನ್ನು ಒಂದು ಪಕ್ಕಕ್ಕೆ ಮಡಿಸಿ ಕೂತಿರುತ್ತಿದ್ದಳು. ಓಣಿಯಲ್ಲಿ ಯಾರ ನೆರಳು ಸುಳಿದರೂ ಸಾಕು, ಬಾಯೊಳಗಿನ ತುತ್ತನ್ನು ಕೆನ್ನೆಗೆ ಒತ್ತಿಕೊಂಡು, "ಬನ್ನಿ, ಉಣ್ಣಿ" ಎನ್ನುತ್ತಿದ್ದಳು. ದೊಡ್ಡ ದನಿಯಲ್ಲ. ಆದರೆ ಅದು ನೆಟ್ಟಗೆ ಹೋಗಿ ಆ ಮನುಷ್ಯನ ಭುಜ ಮುಟ್ಟುತ್ತಿತ್ತು.

ಹಾದಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯುವುದು ನಮ್ಮಲ್ಲಿ ಎಲ್ಲರ ರೂಢಿ. ಉಣ್ಣುವವರು ಕರೆಯಬೇಕು, ಹೋಗುವವರು "ಆಯ್ತು, ನೀವು ಉಣ್ಣಿ" ಎಂದು ಹೇಳಿ ಮುಂದೆ ಹೋಗಬೇಕು. ನೂರು ಸಲ ಕರೆದರೆ ಒಂದು ಸಲ ಯಾರಾದರೂ ಒಳಗೆ ಬಂದರೆ ಬಂದರು. ಬುಬುವಿನ ಹಠವೆಲ್ಲ ಇದ್ದದ್ದು ಆ ಒಂದು ಸಲದ ಬಗ್ಗೆ. "ಪಾತ್ರೇಲಿ ಇಲ್ಲದೆ ಕರೆದ್ರೆ ಅದು ಸುಳ್ಳು. ಅದೂ ಈಗಷ್ಟೇ ದೇವರನ್ನ ನೆನೆದು ಕೂತ ಬಾಯಿಂದ" ಎನ್ನುತ್ತಿದ್ದಳು. ಹಾಗಾಗಿ ಮನೆಯಲ್ಲಿ ಆರು ಜನ ಇದ್ದರೂ ಅಡುಗೆ ಏಳು ಪಾಲಾಗುತ್ತಿತ್ತು. ಅಂಚಿನಲ್ಲಿ ನೀಲಿ ಗೆರೆಯಿದ್ದ ಒಂದು ಬಿಳಿ ತಟ್ಟೆಯಲ್ಲಿ ಒಂದು ತುಂಡು ಮರಗೆಣಸು, ಅದರ ಮೇಲೆ ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನ ಸೊಪ್ಪು ಒಂದು ಸೌಟು, ಮೀನಿದ್ದ ದಿನ ಮೀನಿನದೂ ಒಂದು ಚೂರು. ಇಷ್ಟನ್ನು ಎತ್ತಿಟ್ಟು ಮುಚ್ಚಿ, ಊಟ ಮುಗಿಯುವ ತನಕ ಯಾರೂ ಅದರ ಕಡೆ ನೋಡಬಾರದು. ಆಮೇಲೆ ಮಕ್ಕಳು ಹಂಚಿಕೊಂಡು ತಿನ್ನಬಹುದಿತ್ತು. ಆದರೆ ಆ ಹೊತ್ತಿಗೆ ಅರ್ಧ ನಿದ್ದೆಯಲ್ಲಿರುತ್ತಿದ್ದವು.

ಬುಬು ಎಂದರೆ ನಮ್ಮಲ್ಲಿ ಅಜ್ಜಿ. ಓಣಿಯವರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದೆವು. ಅವಳ ಜೊತೆ ಮನೆಯಲ್ಲಿದ್ದವರು, ಹಡಗು ಬಂದ ದಿನ ಬಂದರಿನಲ್ಲಿ ಹೊರೆ ಇಳಿಸುವ ಮಗ, ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುವ ಸೊಸೆ ಅಲುಮಿತಾ, ಮೂರು ಮಕ್ಕಳು. ಬುಬುವಿನ ಗಂಡನೂ ಬಂದರಿನಲ್ಲೇ ದುಡಿದು ತೀರಿಕೊಂಡವನು. ಅವನ ಹಳದಿ ಮಳೆಯಂಗಿ ಮಾತ್ರ ಉಳಿದಿತ್ತು. ಮೊಣಕಾಲಿನ ಕೆಳಗಿನವರೆಗೂ ಬರುವ ಆ ಅಂಗಿಯನ್ನು ತೊಟ್ಟೇ ಬುಬು ಬಿಸಿಲಿರಲಿ ಮಳೆಯಿರಲಿ ಪ್ರತಿ ಶನಿವಾರ ಮಾರುಕಟ್ಟೆಗೆ ಇಳಿಯುತ್ತಿದ್ದಳು. ಚಿಕ್ಕಂದಿನಲ್ಲಿ ಹವಳದ ಬಂಡೆ ಸೀಳಿದ್ದ ಬಲಪಾದ ಹೊರಕ್ಕೆ ತಿರುಗಿಕೊಂಡಿತ್ತು. ಸಿಮೆಂಟಿನ ಮೆಟ್ಟಿಲ ಮೇಲೂ ಅವಳು ಒಂದೊಂದು ಹೆಜ್ಜೆಯನ್ನು ಊರಿ ನೋಡಿ ಆಮೇಲೆ ಭಾರ ಬಿಡುತ್ತಿದ್ದಳು. ಊರು ಬಿಟ್ಟು ನಲವತ್ತು ವರ್ಷವಾದರೂ ಅವಳ ಕಾಲಿನ ಕೆಳಗೆ ಇನ್ನೂ ಹುಟ್ಟೂರು ಕಂದಾವು ದ್ವೀಪದ ಇಳಿತದ ನೀರೇ ಹರಿಯುತ್ತಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ದ್ವೀಪದ ಮಾತನ್ನು ಅವಳು ಹೆಚ್ಚು ಆಡುತ್ತಿರಲಿಲ್ಲ. ಕೆಸುವಿನ ಎಲೆಯ ನಾರು ಸುಲಿಯುವಾಗ, ತಲೆ ಬಗ್ಗಿಸಿಕೊಂಡೇ, ಎಲೆಗೆ ಹೇಳುವಂತೆ ಹೇಳುತ್ತಿದ್ದಳು. "ಅಲ್ಲಿ ನಮ್ಮವ್ವ ಇವತ್ತೇನು ಅಡುಗೆ ಅಂತ ಸಮುದ್ರವನ್ನ ಕೇಳ್ತಿದ್ಲು. ನೀರು ಇಳೀತು ಅಂದ್ರೆ ಚಿಪ್ಪು, ಏಡಿ. ಇಳೀಲಿಲ್ಲ ಅಂದ್ರೆ ಹಿತ್ತಲ ಗೆಣಸು. ಇಲ್ಲಿ ಅಂಗಡಿಯವನನ್ನ ಕೇಳಬೇಕು. ಅವನು ದಿನಾ ಬೇರೆ ಬೇರೆ ಹೇಳ್ತಾನೆ." ಅಷ್ಟು ಹೇಳಿ ಎಲೆಯನ್ನು ಬೆಳಕಿಗೆ ಹಿಡಿದು, ಹುಳು ಇದೆಯೇ ಎಂದು ನೋಡುತ್ತಾ ಬಹಳ ಹೊತ್ತು ಹಾಗೆಯೇ ಇದ್ದುಬಿಡುತ್ತಿದ್ದಳು. ಅಷ್ಟು ಹೊತ್ತು ನೋಡುವಂಥದ್ದು ಆ ಎಲೆಯಲ್ಲಿ ಏನೂ ಇರುತ್ತಿರಲಿಲ್ಲ.

ಮಾರುಕಟ್ಟೆಯಲ್ಲಿ ಅವಳನ್ನು ನೋಡಬೇಕಿತ್ತು. ಚೌಕಾಸಿ ನಮ್ಮಲ್ಲಿ ನಾಚಿಕೆಯ ಕೆಲಸ. ಹೇಳಿದಷ್ಟು ಕೊಡಬೇಕು, ಇಲ್ಲವೇ ಮುಂದೆ ಹೋಗಬೇಕು. ಆದರೆ ಗೆಣಸನ್ನು ರಾಶಿ ಹಾಕಿ ಮಾರುವ ಗುಡ್ಡನಾಡಿನ ಕೆಲೆರಾ ಎಂಬವಳ ಹತ್ತಿರ ಬುಬುವಿಗೆ ಬೇರೆಯೇ ಹಕ್ಕಿತ್ತು. ಅವರಿಬ್ಬರ ಕಡೆಯ ಮೂಲಪುರುಷರಿಗೆ ಯಾವ ಕಾಲದಲ್ಲೋ ನಂಟಂತೆ. ಆ ನಂಟಿನವರು ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬಯ್ಯಬಹುದು, ಒಬ್ಬರದನ್ನೊಬ್ಬರು ಕಿತ್ತುಕೊಳ್ಳಬಹುದು, ಯಾರೂ ಮುನಿಯುವಂತಿಲ್ಲ. ಹಳದಿ ಅಂಗಿ ದೂರದಲ್ಲಿ ಕಂಡೊಡನೆ ಕೆಲೆರಾ ಶುರು ಮಾಡುತ್ತಿದ್ದಳು.

"ಬಂತು ನೋಡ್ರೇ, ಮೀನಿನ ಮುಳ್ಳು ಚೀಪೋ ದ್ವೀಪದ ಹದ್ದು. ರಾಶಿ ಮುಚ್ಚಿಕೊಳ್ರೇ."

"ಮುಚ್ಚಿಕೋ, ಮುಚ್ಚಿಕೋ. ನೀರು ಕಂಡ್ರೆ ನಡುಗೋ ಕುಲ. ಮುಖಾನಾದ್ರೂ ತೊಳೆದಿದ್ದೀಯಾ ಇವತ್ತು?"

"ನೀವು ಬರ್ತೀರಿ ಅಂತ ಗೊತ್ತಿದ್ರೆ ಕಣ್ಣನ್ನೂ ಮುಚ್ಚಿಕೊಂಡೇ ಕೂತಿರ್ತಿದ್ದೆ."

ಅಕ್ಕಪಕ್ಕದವರೆಲ್ಲ ನಗುತ್ತಿರುವಾಗಲೇ ಬುಬು ಒಂದು ರಾಶಿ ಮರಗೆಣಸು ಕೊಂಡು, ಇನ್ನೊಂದು ರಾಶಿಯಿಂದ ಎರಡು ಗೆಣಸನ್ನು ಎಲ್ಲರ ಕಣ್ಣೆದುರೇ ಎತ್ತಿ ಅಂಗಿಯ ಜೇಬಿಗೆ ಇಳಿಸುತ್ತಿದ್ದಳು. ಆ ಎರಡು ಗೆಣಸೇ ವಾರವಿಡೀ ನೀಲಿ ಗೆರೆಯ ತಟ್ಟೆಗೆ ಆಗುತ್ತಿತ್ತು.

ಆಮೇಲೆ ಎಲ್ಲದರ ಬೆಲೆ ಏರಿದ ಆ ವರ್ಷ ಬಂತು. ಹಿಟ್ಟು, ಎಣ್ಣೆ, ಡಬ್ಬಿಮೀನು, ಬೇಳೆ, ಒಂದಾದ ಮೇಲೊಂದು ಕೈಗೆಟುಕದಂತೆ ಮೇಲಿನ ಹಲಗೆಗೆ ಹತ್ತಿ ಕೂತವು. ಬುಬು ಮೊದಲು ಚಹಾಕ್ಕೆ ಹಾಲು ಹಾಕುವುದನ್ನು ಬಿಟ್ಟಳು, ಆಮೇಲೆ ಚಹಾಪುಡಿಯನ್ನೇ ಬಿಟ್ಟು ನಿಂಬೆಲೆ ಕುದಿಸತೊಡಗಿದಳು. ತೆಂಗಿನ ತುರಿಯನ್ನು ಎರಡು ಸಲ ಹಿಂಡುತ್ತಿದ್ದವಳು ಮೂರು ಸಲ ಹಿಂಡಿದಳು. ಒಂದು ಡಬ್ಬಿ ಮೀನು ಆರು ಜನಕ್ಕೆ ಆಗುವಂತೆ ಅದನ್ನು ಸೊಪ್ಪಿನಲ್ಲಿ ಎಷ್ಟು ಮಸೆದಿಡುತ್ತಿದ್ದಳೆಂದರೆ ಕೊನೆಯ ಮೊಮ್ಮಗಳು ಒಮ್ಮೆ, "ಬುಬು, ಮೀನು ಈಜಿಕೊಂಡು ಹೋಯ್ತಾ?" ಎಂದು ಕೇಳಿದಳು. "ಹೂಂ, ಕಂದಾವಿಗೆ ಹೋಗಿದೆ. ನಾಳೆ ಬರುತ್ತೆ" ಎಂದಳು ಬುಬು.

ಆ ದಿನಗಳ ಒಂದು ಶನಿವಾರ ನಾನೂ ಅವಳೊಂದಿಗೆ ಮಾರುಕಟ್ಟೆಗೆ ಹೋಗಿದ್ದೆ. ಬೈಗುಳವೆಲ್ಲ ಎಂದಿನಂತೆ ಆಯಿತು. ಬುಬು ರಾಶಿಯ ಮೇಲೆ ಕೈ ಇಟ್ಟವಳು ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು.

"ಯಾಕೆ, ಕೈಗೇನಾಯ್ತು?" ಎಂದಳು ಕೆಲೆರಾ.

"ಕೈ ಸರಿಯಾಗೇ ಇದೆ. ನಿನ್ನ ರಾಶಿಗೇನಾಯ್ತು?"

ಏಳು ಗೆಣಸಿರುತ್ತಿದ್ದ ಜಾಗದಲ್ಲಿ ನಾಲ್ಕೇ ಇದ್ದವು. ಕೆಲೆರಾ ತಲೆಯ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ಲಾರಿಯವನು ಎಷ್ಟು ಕೇಳ್ತಾನೆ ಅಂತ ನಿಮಗೇನು ಗೊತ್ತು ಬುಬು. ನೀವು ತಗೊಳ್ಳಿ. ನೀವು ತಗೊಳ್ಳದೆ ಹೋದ್ರೆ ಅಪಶಕುನ."

ಬುಬು ಆ ಹೆಚ್ಚಿನ ಎರಡನ್ನು ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಬಂದರು ಕಣ್ಮರೆಯಾಗುವ ತನಕ ಆ ಕಡೆಗೇ ನೋಡುತ್ತಿದ್ದು, ಕೊನೆಗೆ ನನ್ನ ಕಡೆ ತಿರುಗದೆಯೇ, "ಕಿತ್ಕೊಳ್ಳೋಕೂ ಎದುರಿನವರ ಹತ್ರ ಇರಬೇಕಲ್ವಾ" ಎಂದಳು.

ಓಣಿಯಲ್ಲಿ ಬಾಗಿಲುಗಳು ಮುಚ್ಚತೊಡಗಿದ್ದು ಆಗಲೇ. ಯಾರೂ ಯಾರಿಗೂ ಹೇಳಿ ಮುಚ್ಚಲಿಲ್ಲ. ಸೊಳ್ಳೆ ಎಂದರು ಒಬ್ಬರು, ಟೀವಿಯ ಮೇಲೆ ಬಿಸಿಲು ಬೀಳುತ್ತದೆ ಎಂದರು ಇನ್ನೊಬ್ಬರು. ಬಾಗಿಲು ಮುಚ್ಚಿದ್ದರೆ ಹೋಗುವವರು ಕಾಣುವುದಿಲ್ಲ, ಕಾಣದಿದ್ದರೆ ಕರೆಯಬೇಕಾಗಿಲ್ಲ. ನಾನೂ ಕೆಲವು ಸಂಜೆ ಮುಚ್ಚಿದ್ದೇನೆ. ಅದಕ್ಕಾಗಿ ದೇವರಲ್ಲಿ ಕ್ಷಮೆ ಕೇಳಿಯೂ ಇದ್ದೇನೆ. ಬೆಟ್ಟದ ತುದಿಯವರೆಗೆ ತೆರೆದಿದ್ದದ್ದು ಬುಬುವಿನ ಬಾಗಿಲೊಂದೇ.

ಅಲುಮಿತಾ ಕೆಟ್ಟವಳಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರಿಗಿಂತ ಕೊನೆಗೆ ಬಡಿಸಿಕೊಳ್ಳುವವಳು. ಮೂರು ವಾರದಿಂದ ಹಡಗಿಲ್ಲದೆ ಗಂಡ ಮನೆಯಲ್ಲೇ ಕೂತಿದ್ದ ಆ ಸಂಜೆ, ನಾನು ಪ್ರಾರ್ಥನಾ ಕೂಟದ ಚಾಪೆ ಹಿಂದಿರುಗಿಸಲು ಹೋಗಿ ಅವರ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಾಗ, ಅವಳು ಅತ್ತೆಯನ್ನು ಕೇಳಿದಳು.

"ಬುಬು, ಬಾಗಿಲು ಹಾಕ್ಲಾ?"

"ಯಾಕೆ, ಗಾಳಿ ಬರ್ತಿದೆಯಾ?"

"ಗಾಳಿ ಅಲ್ಲ, ಜನ ಬರ್ತಾರೆ."

"ಎಲ್ಲಿ ಬರ್ತಾರೆ? ಎಲ್ರೂ ಬೇಡ ಅಂತಾರೆ."

"ಅದೇ ಹೇಳ್ತಿದೀನಿ. ಬೇಡ ಅನ್ನೋರಿಗೆ ದಿನಾ ಒಂದು ತಟ್ಟೆ ಎತ್ತಿಡ್ತೀರಿ. ಬೇಕು ಅನ್ನೋ ಮೂರು ಇಲ್ಲೇ ಕೂತಿವೆ, ನೋಡಿ."

ಬುಬು ನೋಡಿದಳು. ಬಟ್ಟೆಯ ಮೇಲೆ ಇದ್ದದ್ದು ಆರು ಜನಕ್ಕೆ ಐದು ತುಂಡು ಗೆಣಸು. ಅವಳು ಎದ್ದು, ಇನ್ನೂ ಖಾಲಿಯಿದ್ದ ನೀಲಿ ಗೆರೆಯ ತಟ್ಟೆಯನ್ನು ಒರೆಸಿ ಹಲಗೆಯ ಮೇಲಿಟ್ಟಳು. ಬಾಗಿಲು ಮುಚ್ಚಲು ಮಾತ್ರ ಬಿಡಲಿಲ್ಲ. ಬಂದು, ಮೊದಲ ಸಲ, ಹೊಸ್ತಿಲಿಗೆ ಬೆನ್ನು ಹಾಕಿ ಕೂತಳು. ಪ್ರಾರ್ಥನೆ ಮಾಡಿದಳು. ಹೊರಗೆ ಹೆಜ್ಜೆಗಳು ಬಂದವು, ಹೋದವು. ಅವಳು ಕರೆಯಲಿಲ್ಲ.

ಆಗ ತೊಮಾಸಿ ಬಂದ. ಮೆಟ್ಟಿಲಿನ ತುತ್ತತುದಿಯ ತಗಡಿನ ಕೋಣೆಯಲ್ಲಿ ಒಬ್ಬನೇ ಇರುವ ಮುದುಕ, ಒಂದು ಕಾಲದಲ್ಲಿ ದ್ವೀಪಗಳಿಗೆ ಹೋಗುವ ದೋಣಿಯಲ್ಲಿ ಇಂಜಿನು ನೋಡಿಕೊಳ್ಳುತ್ತಿದ್ದವನು. ವರ್ಷಗಟ್ಟಲೆ ಪ್ರತಿ ಸಂಜೆ ಆ ಬಾಗಿಲ ಮುಂದೆ, "ನೀವು ಉಣ್ಣಿ ಅಕ್ಕ, ನಂದು ಆಯ್ತು" ಎಂದು ಹೇಳಿ ಹೋದವನು. ಅವನ ಹೆಜ್ಜೆ ಬಾಗಿಲು ದಾಟಿ ಮೂರು ಮೆಟ್ಟಿಲು ಹತ್ತಿ, ನಿಂತು, ಮತ್ತೆ ಕೆಳಗಿಳಿಯಿತು.

"ಅಕ್ಕಾ, ಹುಷಾರಾಗಿದ್ದೀರಾ?"

"ಇದ್ದೀನಿ."

"ಕರೀಲಿಲ್ಲ."

ಮಕ್ಕಳು ಅಗಿಯುವುದನ್ನು ನಿಲ್ಲಿಸಿದರು. ಬುಬು ತಿರುಗದೆಯೇ, "ಇವತ್ತು ಪಾತ್ರೆ ಚಿಕ್ಕದು, ತೊಮಾಸಿ" ಎಂದಳು. ನಮ್ಮ ಜನರ ಬಾಯಿಂದ ಅಂಥ ಮಾತು ಹೊರಡುವುದು ಎಂಥ ಕಷ್ಟವೆಂದು ನನಗೆ ಗೊತ್ತು. ನಾನು ನನ್ನ ಮಡಿಲನ್ನು ನೋಡುತ್ತಾ ಕೂತೆ.

ತೊಮಾಸಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ನಾನು ಯಾವತ್ತಾದ್ರೂ ಒಳಗೆ ಬಂದಿದೀನಾ ಅಕ್ಕ? ದಿನವಿಡೀ ನನ್ನನ್ನ ಬಾ ಅನ್ನೋ ಬಾಗಿಲು ಇದೊಂದೇ. ಬೇಡ ಅಂದು ಮೇಲೆ ಹೋಗಿ ಬಿಸ್ಕತ್ತು ನೀರಲ್ಲಿ ಅದ್ದಿ ತಿಂತೀನಿ. ತಿನ್ನೋವಾಗ, ಅವರ ಮನೇಲಿ ಕರೆದಿದ್ರು, ನಾನೇ ಹೋಗ್ಲಿಲ್ಲ, ಅಂದ್ಕೋತೀನಿ." ಅಷ್ಟು ಹೇಳಿ ಮೆಟ್ಟಿಲು ಹತ್ತತೊಡಗಿದ.

ಅಲುಮಿತಾ ಎದ್ದಳು. ಹಲಗೆಯಿಂದ ನೀಲಿ ಗೆರೆಯ ತಟ್ಟೆಯನ್ನು ಇಳಿಸಿ, ತನ್ನ ಗೆಣಸನ್ನು ಮುರಿದು ಅರ್ಧ ಅದರಲ್ಲಿಟ್ಟಳು. ಬಾಗಿಲಿಗೆ ಹೋಗಿ ಮೇಲಕ್ಕೆ ಕೂಗಿದಳು. "ತೊಮಾಸಿ ಮಾವಾ, ಬನ್ನಿ, ಉಣ್ಣಿ."

ಮೇಲಿನಿಂದ, ಕತ್ತಲಾಗುತ್ತಿದ್ದ ಮೆಟ್ಟಿಲಿನಿಂದ, ಉತ್ತರ ಬಂತು. "ಆಯ್ತು ಮಗಳೇ, ನೀವು ಉಣ್ಣಿ."

ಮರುದಿನದಿಂದ ಬುಬು ಮತ್ತೆ ಬೀದಿಗೆ ಮುಖ ಮಾಡಿ ಕೂತಳು. ಆದರೆ ಅಡುಗೆ ಆರೇ ಪಾಲಾಯಿತು, ಸೊಸೆಯ ಮಾತೂ ಉಳಿಯಿತು. ಹೇಗೆಂದು ನನಗೆ ತಿಳಿದದ್ದು ಹಲವು ದಿನ ಕಳೆದ ಮೇಲೆ. ಅವಳ ಮುಂದೆ ತಟ್ಟೆ ಇರುತ್ತಿರಲಿಲ್ಲ. ನಿಂಬೆಲೆಯ ಚಹಾದ ಲೋಟ ಹಿಡಿದು ಕೂತು, ಮೀನಿದ್ದ ದಿನ ಮಕ್ಕಳಿಗೆ ಮುಳ್ಳು ಬಿಡಿಸಿಕೊಡುತ್ತಾ, ಬಂದವರನ್ನೆಲ್ಲ ಕರೆಯುತ್ತಿದ್ದಳು. ಕೊನೆಯ ಬಸ್ಸಿನವರೂ ಮೇಲೆ ಹೋದ ನಂತರ, ಮುಚ್ಚಿಟ್ಟ ನೀಲಿ ಗೆರೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಬಂದವರಿದ್ದರೆ ಅದು ಅವರದು, ಬರದಿದ್ದರೆ ತನ್ನದು. ಕರೆಯೂ ಸುಳ್ಳಲ್ಲ, ಮಕ್ಕಳ ಪಾಲೂ ಕಡಿಮೆಯಲ್ಲ. "ಹೊಟ್ಟೆ ನೋಯಲ್ವಾ ಬುಬು?" ಎಂದು ಕೇಳಿದೆ. "ಒಂದು ಗಂಟೆ ತಡ ಆಗುತ್ತೆ ಅಷ್ಟೆ. ನಮ್ಮವ್ವ ನೀರು ಇಳಿಯೋಕೆ ಅರ್ಧ ದಿನ ಕಾಯ್ತಿದ್ಲು" ಎಂದಳು.

ಆ ಒಂದು ಗಂಟೆಯಲ್ಲಿ ಅವಳ ಮುಖವನ್ನು ನಾನು ಎಷ್ಟೋ ಸಂಜೆ ನೋಡಿದ್ದೇನೆ. ಯಾರಾದರೂ ಬರಲಿ ಎಂಬ ಹಂಬಲ, ಅದರ ಪಕ್ಕದಲ್ಲೇ ಹಸಿವು. ಮೊದಲನೆಯದು ಎರಡನೆಯದಕ್ಕೆ ಎಂದೂ ಸೋತದ್ದನ್ನು ನಾನು ಕಾಣಲಿಲ್ಲ. ಬೀದಿಯನ್ನು ನೋಡುತ್ತಿದ್ದ ಆ ಕಣ್ಣು ಬೀದಿಯಾಚೆಗೆ, ಯಾರೂ "ಆಯ್ತು" ಎನ್ನದೆ ನೇರ ಬಂದು ಚಾಪೆಯ ಮೇಲೆ ಕೂರುತ್ತಿದ್ದ ಯಾವುದೋ ಮನೆಯನ್ನು ನೋಡುವಂತಿರುತ್ತಿತ್ತು.

ಒಂದು ಸಂಜೆ ತೊಮಾಸಿ ಕರೆಗೆ ಉತ್ತರ ಕೊಡಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟ. "ಇವತ್ತು ಬೇಡ ಅನ್ನೋಕೆ ಆಗಲ್ಲ ಅಕ್ಕ. ಬಿಸ್ಕತ್ತೂ ಇಲ್ಲ" ಎಂದು ತಲೆ ತಗ್ಗಿಸಿ ಒಳಗೆ ಬಂದ. ಬುಬು ನೀಲಿ ಗೆರೆಯ ತಟ್ಟೆಯ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದಳು. ಕೊನೆಯ ಮೊಮ್ಮಗಳು, "ಅದು ಬುಬು..." ಎನ್ನುವಷ್ಟರಲ್ಲಿ ಅವಳ ತೊಡೆಗೆ ಒಂದು ಚಿವುಟು ಬಿತ್ತು. ತೊಮಾಸಿ ನಿಧಾನವಾಗಿ, ಒಂದು ಎಳೆ ಸೊಪ್ಪನ್ನೂ ಬಿಡದೆ ಉಂಡ. ಬುಬು ನಿಂಬೆಲೆಯ ಚಹಾ ಕುಡಿಯುತ್ತಾ, ಮನೆಗೆ ನೆಂಟರು ಬಂದ ಹೆಣ್ಣುಮಗುವಿನ ಮುಖದಲ್ಲಿ, ಅವನನ್ನೇ ನೋಡುತ್ತಾ ಕೂತಿದ್ದಳು. ನನಗೆ ನೆನಪಿರುವ ಅವಳ ಅತ್ಯಂತ ತುಂಬಿದ ಊಟ ಅದೇ, ಅವಳು ಉಣ್ಣದೆ ಇದ್ದದ್ದು.

ಈಗ ಅವಳಿಲ್ಲ. ಹಳದಿ ಅಂಗಿ ಮಗನ ಮೈಮೇಲಿದೆ, ಬೆಲೆ ಇಳಿದಿಲ್ಲ. ಹೊಸ್ತಿಲಿಗೆ ಎದುರಾಗಿ ಅಲುಮಿತಾ ಕೂರುತ್ತಾಳೆ. ಇಂಥವರು ಹಸಿವನ್ನು ಕಡಿಮೆ ಮಾಡುತ್ತಾರೆಂದು ಹೇಳಲಾರೆ. ಅವರ ಪಾತ್ರೆಗಳು ಎಂದೂ ಅಷ್ಟು ದೊಡ್ಡವಲ್ಲ. ಅವರು ಮಾಡುವುದು ಇಷ್ಟೇ: ಇಲ್ಲದ ಕಾಲದಲ್ಲೂ, ಉಪವಾಸವಿರುವವನಿಗೆ "ಬೇಡ" ಎನ್ನುವ ಮರ್ಯಾದೆಯನ್ನು ಉಳಿಸಿಕೊಡುತ್ತಾರೆ. ಅದಕ್ಕೆ ಮೊದಲು ಯಾರಾದರೂ ಅವನನ್ನು ಕರೆದಿರಬೇಕು. ಸಂಜೆ ಆರಕ್ಕೆ ನಾನು ಬಾಗಿಲು ತೆರೆದು ಕೂರುತ್ತೇನೆ, ತಟ್ಟೆ ಮುಟ್ಟದೆ, ಮೆಟ್ಟಿಲಲ್ಲಿ ಹೆಜ್ಜೆ ಕೇಳುವ ತನಕ.