ಒಂಬತ್ತು ಸಾಲಿನ ಪಟ್ಟಿ

ಜೂನ್ ಇಪ್ಪತ್ತೆಂಟರ ಬೆಳಿಗ್ಗೆ ಹತ್ತೂವರೆಗೆ ಕ್ಲಾಸ್ ಮೇಷ್ಟ್ರು ಫಾನ್, ತಮ್ಮ ವಿದ್ಯಾರ್ಥಿನಿ ತಾವ್ ಯಿನ್‌ಳ ಕಾಲೇಜು ಆಯ್ಕೆಯ ಪಟ್ಟಿಯನ್ನು ಅವಳ ಪಾಸ್‌ವರ್ಡ್ ಹಾಕಿ ತೆರೆದರು. ಮೊದಲ ಸಾಲಿನಲ್ಲಿದ್ದ ಹಣಕಾಸು ವಿಭಾಗವನ್ನು ಅಳಿಸಿ, ಅಲ್ಲಿ ರಾಜಧಾನಿಯ ದೊಡ್ಡ ಹೆಸರಿನ ವಿಶ್ವವಿದ್ಯಾಲಯವೊಂದರ ಹುಲ್ಲುಗಾವಲು ವಿಜ್ಞಾನವನ್ನು ಸೇರಿಸಿದರು. ‘ಯಾವ ವಿಷಯ ಕೊಟ್ಟರೂ ಒಪ್ಪುತ್ತೇನೆ’ ಎಂಬ ಚೌಕಕ್ಕೆ ಗುರುತು ಹಾಕಿದರು. ಅವಳನ್ನು ಕೇಳಲಿಲ್ಲ.

ಪಾಸ್‌ವರ್ಡ್ ಕದ್ದದ್ದಲ್ಲ. ನಮ್ಮ ಕೌಂಟಿಯ ಶಾಲೆಯಲ್ಲಿ ಪ್ರತಿ ವರ್ಷ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ ಮುಗಿದ ಮೇಲೆ ಒಂದು ಹಾಳೆ ತರಗತಿಯ ಸುತ್ತ ಹೋಗುತ್ತದೆ. ಹೆಸರು, ಗುರುತಿನ ಸಂಖ್ಯೆ, ಪಾಸ್‌ವರ್ಡ್, ಸಹಿ. ತಪ್ಪಾದರೆ ತಿದ್ದಿಕೊಡಲು ಎಂದು ಹೇಳುತ್ತೇವೆ. ಐವತ್ತಾರು ಮಕ್ಕಳಲ್ಲಿ ಒಬ್ಬರೂ ಏಕೆಂದು ಕೇಳುವುದಿಲ್ಲ. ಕೇಳಬಾರದೆಂದೇ ಅಲ್ಲವೆ ನಾವು ಹನ್ನೆರಡು ವರ್ಷ ಕಲಿಸಿದ್ದು. ಈ ಸಲ ಆ ಹಾಳೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋದವಳು ನಾನು, ಗಣಿತದ ಗಾನ್ ಟೀಚರ್.

ಆ ಪಟ್ಟಿಯನ್ನು ಕಟ್ಟಲು ಕೂತವಳೂ ನಾನೇ. ಶಾಲೆಯ ಗೇಟಿನ ಪಕ್ಕದಲ್ಲಿ ಯಿನ್‌ಳ ತಾಯಿಯ ತಣ್ಣನೆ ನೂಡಲ್ಸ್ ಗಾಡಿ ಇದೆ. ಎರಡು ಮಧ್ಯಾಹ್ನ ನಾನು ಮತ್ತು ಯಿನ್ ಅಲ್ಲಿನ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತು, ಹಿಂದಿನ ಮೂರು ವರ್ಷ ಯಾವ ಕಾಲೇಜು ಯಾವ ಸ್ಥಾನದವರೆಗೆ ಸೇರಿಸಿಕೊಂಡಿತು ಎಂದು ನೋಡಿ ಗುರುತು ಹಾಕಿದೆವು. ಯಿನ್ ಪ್ರಾಂತ್ಯದಲ್ಲಿ ಆರು ಸಾವಿರದ ನಾನೂರ ಹನ್ನೆರಡನೆಯವಳು. ಇಡೀ ದೇಶ ಪಟ್ಟಿ ಮಾಡುವುದು ಮೂರು ಮಾತಿನ ಮೇಲೆ: ನುಗ್ಗು, ನಿಲ್ಲು, ಉಳಿಸು. ನುಗ್ಗಲು, ಎಂದರೆ ಸ್ಥಾನ ಮೀರಿ ಆಸೆಪಡಲು, ಎರಡು ಸಾಲು, ಎರಡೂ ಕರಾವಳಿ ನಗರಗಳ ಹಣಕಾಸು ವಿಶ್ವವಿದ್ಯಾಲಯಗಳು. ಸ್ಥಾನಕ್ಕೆ ಸರಿಯಾಗಿ ನಿಲ್ಲಲು ನಾಲ್ಕು: ಹಣಕಾಸು, ವಿಮಾ ಗಣಿತ. ಎಲ್ಲ ಕೈಕೊಟ್ಟರೆ ಉಳಿಸಿಕೊಳ್ಳಲು ಮೂರು: ನಮ್ಮದೇ ಪ್ರಾಂತ್ಯದಲ್ಲಿ ಸಂಖ್ಯಾಶಾಸ್ತ್ರ, ಲೆಕ್ಕಪತ್ರ. ಕಂಪ್ಯೂಟರು ಮೇಲಿನಿಂದ ಓದುತ್ತಾ ಬರುತ್ತದೆ. ಯಾವ ಸಾಲಿನಲ್ಲಿ ಜಾಗ ಸಿಕ್ಕಿತೋ ಅಲ್ಲಿಗೆ ಮುಗಿಯಿತು, ಕೆಳಗಿನದೆಲ್ಲ ರದ್ದಿ.

“ಉಳಿಸೋ ಸಾಲು ಇನ್ನೊಂದೆರಡು ಹಾಕ್ರೀ ಟೀಚರ್,” ಎಂದು ತಾಯಿ ಸೌತೆಕಾಯಿ ಹೆಚ್ಚುತ್ತಲೇ ಹೇಳುತ್ತಿದ್ದಳು. “ನುಗ್ಗೋದು ನಮ್ಮಂಥೋರಿಗಲ್ಲ.”

“ಇರೋದೇ ಒಂಬತ್ತು ಸಾಲು ಕಣಮ್ಮ. ನಿನ್ನ ಮಾತು ಕೇಳಿದ್ರೆ ಒಂಬತ್ತೂ ನಮ್ಮ ಬೀದಿಯಲ್ಲೇ ಇರುತ್ತೆ,” ಎಂದಳು ಯಿನ್.

ಪಕ್ಕದಲ್ಲಿ ಎಳ್ಳುರೊಟ್ಟಿ ಸುಡುವ ಶೀ ಅಜ್ಜನಿಗೆ ಸುಮ್ಮನಿರಲಾಗಲಿಲ್ಲ. “ಏನಮ್ಮಾ ಬ್ಯಾಂಕ್ ಸಾಹುಕಾರ್ತೀ, ಹಣಕಾಸು ಓದ್ಬೇಕಾದ್ರೆ ಅಪ್ಪ ಬ್ಯಾಂಕಲ್ಲಿರ್ಬೇಕು ಕಣೆ. ನಿಮ್ಮಪ್ಪ ಎಲ್ಲಿದಾನೆ? ಕ್ರೇನ್ ಮೇಲೆ.”

“ಕ್ರೇನ್ ಮೇಲಿಂದ ಬ್ಯಾಂಕಿನ ನೆತ್ತಿ ಕಾಣುತ್ತೆ ಅಜ್ಜ. ಒಳಗಿರೋರಿಗೆ ಅದೂ ಕಾಣಲ್ಲ,” ಎಂದಳು ಯಿನ್.

ಹುಡುಗಿಗೆ ಹಣಕಾಸಿನ ಹುಚ್ಚು ಹಿಡಿದದ್ದು ಟಿವಿ ನೋಡಿ ಅಲ್ಲ. ಅವಳಿಗೆ ಹದಿಮೂರು ವರ್ಷವಿದ್ದಾಗ ಅಜ್ಜಿ ತನ್ನ ಉಳಿತಾಯವನ್ನು ಠೇವಣಿ ಇಡಲು ಬ್ಯಾಂಕಿಗೆ ಹೋಗಿದ್ದಳು. ಟೈ ಕಟ್ಟಿದ ಒಬ್ಬ ಹುಡುಗ, ಬಡ್ಡಿ ಇದರಲ್ಲೇ ಜಾಸ್ತಿ ಅಜ್ಜಿ ಎಂದು ಬೇರೊಂದು ಕಾಗದ ಮುಂದಿಟ್ಟ. ಜೊತೆಗೆ ಹೋಗಿದ್ದ ತಾಯಿಯ ಫೋನಿಗೆ ಒಪ್ಪಿಗೆಯ ಆರು ಅಂಕಿ ಬಂದವು. ಓದಿ ಅಕ್ಕಾ ಎಂದ. ಓದಿದಳು. ಅದು ಹತ್ತು ವರ್ಷ ಮುಟ್ಟುವಂತಿಲ್ಲದ ವಿಮೆ. ಮಾರನೆ ವರ್ಷ ಅಜ್ಜಿಯ ಮೂತ್ರಪಿಂಡ ಕೆಟ್ಟಿತು, ಹಣ ಕೈಗೆ ಬರಲಿಲ್ಲ, ಅಜ್ಜಿ ಹೋದಳು. ಹದಿನಾಲ್ಕು ಪುಟದ ಆ ಕಾಗದವನ್ನು ಯಿನ್ ಊಟ ಬಿಟ್ಟು ಓದಿ, ಒಂಬತ್ತನೇ ಪುಟದ ಸಣ್ಣ ಅಕ್ಷರಗಳಲ್ಲಿ ಹತ್ತು ವರ್ಷದ ಆ ಮಾತನ್ನು ಕಂಡುಹಿಡಿದಳು. “ಇದನ್ನ ಬರೆಯೋರು ಯಾರು ಟೀಚರ್? ಅವರು ಎಲ್ಲಿ ಓದಿರ್ತಾರೆ?” ಎಂದು ಅವಳು ನನ್ನನ್ನು ಕೇಳಿದ್ದಳು. ನಮ್ಮ ಪಟ್ಟಿ ಶುರುವಾದದ್ದು ಆ ಪ್ರಶ್ನೆಯಿಂದ.

ಫಾನ್ ಮೇಷ್ಟ್ರ ತಿದ್ದುಪಡಿ ಅವಳ ಕಣ್ಣಿಗೆ ಬಿದ್ದದ್ದು ಮಧ್ಯಾಹ್ನ ಒಂದಕ್ಕೆ. ಸುಮ್ಮನೆ ಇನ್ನೊಮ್ಮೆ ನೋಡೋಣವೆಂದು ತೆರೆದಿದ್ದಳಂತೆ. ಹುಲ್ಲುಗಾವಲು ವಿಜ್ಞಾನವನ್ನು ಯಾರೂ ಕೇಳುವುದಿಲ್ಲ, ಅಲ್ಲಿ ಅವಳ ಸ್ಥಾನಕ್ಕೆ ಜಾಗ ಖಂಡಿತ. ಎಂದರೆ ಉಳಿದ ಎಂಟು ಸಾಲೂ ಸತ್ತಂತೆ. ಅವಳು ಹಳೆಯದನ್ನೇ ಮತ್ತೆ ಹಾಕಿ, ಪಾಸ್‌ವರ್ಡ್ ಬದಲಿಸಿ, ನೇರ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಹಾಳೆ ತಂದೋರು ನೀವು,” ಎಂದಳು. ಅಷ್ಟೇ.

ನಾಲ್ಕು ಗಂಟೆಗೆ ಪ್ರಿನ್ಸಿಪಾಲ್ ಪಾಂಗ್, ತಾಯಿ ಮಗಳನ್ನು ತಮ್ಮ ಕೋಣೆಗೆ ಕರೆತರಲು ನನಗೆ ಹೇಳಿದರು. ಕರೆತಂದೆ. ಐದಕ್ಕೆ ಪಟ್ಟಿ ತಿದ್ದುವ ಬಾಗಿಲು ಮುಚ್ಚುತ್ತದೆ. ಗೇಟಿಗೆ ಕಟ್ಟುವ ಅಭಿನಂದನೆಯ ಕೆಂಪು ಬ್ಯಾನರು ಆಗಲೇ ಅಚ್ಚಾಗಿ ಮೂಲೆಯಲ್ಲಿ ಸುತ್ತಿಟ್ಟಿತ್ತು. ಅದರಲ್ಲಿ ವಿಶ್ವವಿದ್ಯಾಲಯದ ಹೆಸರು ಇರುತ್ತದೆ, ವಿಷಯದ ಹೆಸರು ಇರುವುದಿಲ್ಲ. ಅಂಥ ಒಂದೊಂದು ಹೆಸರಿಗೂ ಕೌಂಟಿಯಿಂದ ಶಾಲೆಗೆ ಬಹುಮಾನವಿದೆ, ಶಾಲೆಯಿಂದ ಮೇಷ್ಟ್ರಿಗೂ ಇದೆ.

“ನೋಡಮ್ಮಾ,” ಎಂದರು ಫಾನ್. ಅವರ ದನಿಯಲ್ಲಿ ಮೋಸವಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. “ಹೆಸರು ಮೊದಲು, ವಿಷಯ ಆಮೇಲೆ. ಒಳಗೆ ಹೋಗು, ಎರಡನೇ ವರ್ಷ ಹಣಕಾಸಿಗೆ ಬದಲಾಯಿಸ್ಕೋ. ನಾನೇನು ನಿನಗೆ ಶತ್ರುನಾ?”

“ಹುಲ್ಲಿನ ವಿಭಾಗದಿಂದ ಹಣಕಾಸಿಗೆ ಹೋದ ವರ್ಷ ಎಷ್ಟು ಜನ ಹೋದ್ರು ಮೇಷ್ಟ್ರೇ?”

“ಅದೆಲ್ಲ...”

“ಯಾರೂ ಹೋಗಿಲ್ಲ. ಅವರ ವೆಬ್‌ಸೈಟಲ್ಲೇ ಇದೆ.”

“ಬಾಯಿ ನೋಡು!” ಪ್ರಿನ್ಸಿಪಾಲರು ನಕ್ಕು ತಾಯಿಯ ಕಡೆ ತಿರುಗಿದರು. “ಯಿನ್ ಅಮ್ಮಾ, ಗೇಟಿನ ಹತ್ರ ಎಷ್ಟು ವರ್ಷದಿಂದ ಗಾಡಿ ನಿಲ್ಲಿಸ್ತಿದೀರಿ?”

“ಒಂಬತ್ತು ವರ್ಷ ಸಾರ್.”

“ಯಾರಾದ್ರೂ ಎಬ್ಬಿಸಿದಾರಾ?”

“ಇಲ್ಲ ಸಾರ್.”

“ಹಾಂ. ಶಾಲೆ ಅಂದ್ಮೇಲೆ ಒಂದು ಮನೆ ಇದ್ದಂಗೆ.”

ತಾಯಿಯ ಕೈಗಳು ಏಪ್ರನ್ನಿನ ಮೇಲೆ ಒಂದನ್ನೊಂದು ಒರೆಸಿಕೊಳ್ಳುತ್ತಲೇ ಇದ್ದವು. ಮೆಣಸಿನೆಣ್ಣೆಯ ಕೆಂಪು ಆ ಉಗುರುಗಳಿಂದ ಎಂದೂ ಹೋಗುವುದಿಲ್ಲ. ಫಾನ್ ಮೇಷ್ಟ್ರು ಕಂಪ್ಯೂಟರಿನಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬುದನ್ನು ಒತ್ತಿದರು. ಶಾಲೆಯಲ್ಲಿ ಮಕ್ಕಳು ಫೋನು ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಖಾತೆಗಳೆಲ್ಲ ಹೆತ್ತವರ ಫೋನ್ ಸಂಖ್ಯೆಯ ಮೇಲಿರುತ್ತವೆ. ಏಪ್ರನ್ನಿನ ಜೇಬಿನೊಳಗೆ ಫೋನು ಗುಂಯ್‌ಗುಟ್ಟಿತು.

ನಾಲ್ಕೂ ಮುಕ್ಕಾಲು.

“ಆರು ಅಂಕಿ ಬಂದಿದೆ, ಓದಿ,” ಎಂದರು ಫಾನ್, ಕೀಲಿಗಳ ಮೇಲೆ ಬೆರಳಿಟ್ಟು.

ತಾಯಿ ಫೋನು ತೆಗೆದಳು. ತೆರೆಯನ್ನು ನೋಡಿದಳು. ಯಿನ್ “ಅಮ್ಮಾ” ಎಂದಳು. ಗಾಡಿಯ ಜಾಗ ಹೋದರೆ ಆ ಹುಡುಗಿ ಯಾವ ಕಾಲೇಜಿಗೆ ಹೋಗುವುದೂ ಕಷ್ಟವೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ಕನ್ನಡಕ ತಂದಿಲ್ವಾ?” ಪ್ರಿನ್ಸಿಪಾಲರು ಕೇಳಿದರು. “ಗಾನ್ ಟೀಚರ್, ನೀವು ಇಸ್ಕೊಂಡು ಓದಿ.”

ನಾನು ಏಳಲಿಲ್ಲ. ಅದು ಧೈರ್ಯ ಎಂದುಕೊಳ್ಳಬೇಡಿ.

“ಕಾಣುತ್ತೆ ಸಾರ್,” ಎಂದಳು ತಾಯಿ. “ಚೆನ್ನಾಗೇ ಕಾಣುತ್ತೆ.”

“ಮತ್ತೆ ಓದಿ. ಐದು ನಿಮಿಷಕ್ಕೆ ಅದು ಸತ್ತುಹೋಗುತ್ತೆ.”

“ಬ್ಯಾಂಕಲ್ಲಿ ಆ ಹುಡುಗನೂ ಹಿಂಗೇ ಅಂದ. ಬೇಗ ಓದಿ ಅಕ್ಕಾ, ಟೈಮಾಗುತ್ತೆ ಅಂದ. ನಮ್ಮತ್ತೆ ನನ್ನ ಮುಖ ನೋಡಿದ್ರು. ನಾನು ಓದ್ದೆ.”

“ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?” ಪಾಂಗ್ ಮೇಜು ಕುಟ್ಟಿದರು. “ನಾಳೆ ಗಾಡಿ ಎಲ್ಲಿ ನಿಲ್ಲಿಸ್ತೀರಿ ಅಂತ ಯೋಚನೆ ಮಾಡಿ. ಓದಿ.”

ಅವಳು ಫೋನನ್ನು ಮತ್ತೆ ಏಪ್ರನ್ನಿನ ಜೇಬಿಗೆ ಹಾಕಿ, ಮೇಲಿಂದ ಎರಡೂ ಕೈ ಒತ್ತಿ ಹಿಡಿದಳು.

“ಓದಲ್ಲ ಸಾರ್.”