ಭಾನುವಾರದ ರೈಲಿನಲ್ಲಿ ನೀಲಿ ಜೀನ್ಸ್

ಭಾನುವಾರ ಬೆಳಿಗ್ಗೆ ಸ್ಟಾಕ್ಟನ್‌ನಲ್ಲಿ ದಕ್ಷಿಣದ ರೈಲು ಹತ್ತುವ ನಮ್ಮಂಥ ಹೆಂಗಸರನ್ನು ಯಾರು ಬೇಕಾದರೂ ಗುರುತು ಹಿಡಿಯಬಹುದು. ಸುತ್ತಾಡಲು ಹೊರಟವರ ಬಳಿ ಸೈಕಲ್ಲು, ಬೆನ್ನಿಗೊಂದು ಚೀಲ, ಬಗಲಲ್ಲೊಂದು ನಾಯಿಮರಿ ಇರುತ್ತದೆ. ನಮ್ಮ ಬಳಿ ಇರುವುದು, ಒಳಗಿದ್ದದ್ದೆಲ್ಲ ಹೊರಗೆ ಕಾಣುವ ಒಂದು ಪ್ಲಾಸ್ಟಿಕ್ ಚೀಲ ಮಾತ್ರ. ಜೈಲಿನ ಬಾಗಿಲಲ್ಲಿ ಬೇರೆ ಚೀಲ ಬಿಡುವುದಿಲ್ಲ, ಇಟ್ಟುಹೋಗಲು ಅಲ್ಲಿ ಜಾಗವೂ ಇಲ್ಲ. ಹಾಗಾಗಿ ಮೈಮೇಲಿನ ಬಟ್ಟೆ ಬಿಟ್ಟರೆ ಇನ್ನೊಂದು ಜೊತೆಯನ್ನು ಯಾರೂ ತರುವುದಿಲ್ಲ. ನನ್ನ ಗಂಡ ಲಾಸಾರೋನನ್ನು ನೋಡಲು ನಾಲ್ಕು ವರ್ಷದಿಂದ ನಾನು ಹೀಗೆ ಓಡಾಡುತ್ತಿದ್ದೇನೆ. ರೈಲಿನಲ್ಲಿ ಎಲ್ಲರಿಗೂ ನಾನು ಚಾಯೋ ಅಕ್ಕ. ನನ್ನ ಬಾಯಿ ಜೋರು ಎಂದು ಹೇಳುತ್ತಾರೆ, ಹಿಂದಿನಿಂದ ಅಲ್ಲ, ಮುಖಕ್ಕೇ ಹೇಳುತ್ತಾರೆ.

ಆ ಜನವರಿಯ ಬೆಳಿಗ್ಗೆ ಹೊರಗೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ನನ್ನ ಎದುರು ಸೀಟಿನಲ್ಲಿ ದೋನ್ಯಾ ಎರ್ಮಿನಿಯಾ ಕೂತಿದ್ದಳು, ವಯಸ್ಸಿಗೆ ಮರ್ಯಾದೆ ಕೊಟ್ಟು ನಾವು ಅವಳನ್ನು ದೋನ್ಯಾ ಎನ್ನುತ್ತೇವೆ. ಅವಳ ಮಗ ನೋಯೆ ನನ್ನ ಗಂಡನಿರುವ ಜೈಲಿನಲ್ಲೇ ಇದ್ದಾನೆ. ವಾರ ತಪ್ಪದೆ ಬರುವ ಹೆಂಗಸು, ಕಡ್ಡಿಯಂಥ ಮೈ, ಕಪ್ಪು ಸ್ಕರ್ಟು, ಬೂದು ಬಣ್ಣದ ಸ್ವೆಟರು. ಮಾತು ಕಡಿಮೆ. ಆದರೆ ಆವತ್ತು ಅವಳೊಬ್ಬಳೇ ಬಂದಿರಲಿಲ್ಲ. ಪಕ್ಕದಲ್ಲಿ ಸೊಸೆ ಯಾರೆಲಿ, ಅವಳ ತೊಡೆಯ ಮೇಲೆ ಕಂಬಳಿಯಲ್ಲಿ ಸುತ್ತಿದ ಹತ್ತು ತಿಂಗಳ ಮಗು ದಾಲಿಯಾ.

ಯಾರೆಲಿಗೆ ಹೆಚ್ಚೆಂದರೆ ಇಪ್ಪತ್ತೆರಡು ಇರಬಹುದು. ಮೊದಲ ಸಲ ಬರುತ್ತಿದ್ದಾಳೆಂದು ಅವಳ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಕೇಳುವ ಮೊದಲೇ ಎಲ್ಲ ಹೇಳಿದಳು. ನೋಯೆಯನ್ನು ಪೊಲೀಸರು ಎಳೆದುಕೊಂಡು ಹೋದಾಗ ಇವಳು ಬಸುರಿ. ಅವನು ಮಗುವನ್ನು ಫೋಟೋದಲ್ಲಿ ಬಿಟ್ಟರೆ ಕಂಡಿಲ್ಲ. ಇವಳ ಭೇಟಿಯ ಅರ್ಜಿ ಎರಡು ಸಲ ವಾಪಸು ಬಂದು, ಮೊನ್ನೆ ಶುಕ್ರವಾರ ಒಪ್ಪಿಗೆ ಸಿಕ್ಕಿದೆ. ಶನಿವಾರ ಲಾಂಡ್ರಿಯಲ್ಲಿ ಕೆಲಸ, ರಜೆ ಕೊಡಲಿಲ್ಲ. ಈ ವಾರವೇ ನೋಯೆಯನ್ನು ದೂರದ ಉತ್ತರಕ್ಕೆ, ಆರೆಗಾನ್ ಗಡಿಯ ಜೈಲಿಗೆ ಸಾಗಿಸುತ್ತಾರೆ, ಅಲ್ಲಿಗೆ ರೈಲೂ ಇಲ್ಲ, ಇವರ ಹತ್ತಿರ ಕಾರೂ ಇಲ್ಲ.

"ಇವತ್ತು ಆಗ್ಲಿಲ್ಲ ಅಂದ್ರೆ ಇನ್ಯಾವಾಗ ನೋಡ್ತಾನೋ ಅಕ್ಕ. ಇವಳು ಅಷ್ಟೊತ್ತಿಗೆ ಸ್ಕೂಲಿಗೆ ಹೋಗ್ತಿರ್ತಾಳೆ" ಎಂದಳು.

"ಎಲ್ಲಾ ಆಗುತ್ತೆ ಸುಮ್ನಿರು. ಎರಡು ಗಂಟೆಗೆ ಗೇಟು ಮುಚ್ತಾರೆ, ನಾವು ಹನ್ನೆರಡಕ್ಕೇ ಅಲ್ಲಿರ್ತೀವಿ" ಎಂದು ನಾನು ರೊಟ್ಟಿಯಲ್ಲಿ ಮೊಟ್ಟೆ ಸುತ್ತಿದ ಬುರಿಟೊ ಮುರಿದು ಅರ್ಧ ಅವಳಿಗೆ ಕೊಟ್ಟೆ. ಎರ್ಮಿನಿಯಾ ಕಿಟಕಿಯ ಆಚೆಗಿನ ಮಂಜನ್ನೇ ನೋಡುತ್ತಿದ್ದಳು. ಅಲ್ಲಿ ನೋಡಲು ಏನೂ ಇರಲಿಲ್ಲ.

ಮರ್ಸೆಡ್ ದಾಟಿದ ಮೇಲೆ ಮಗು ಅಳಲು ಶುರುಮಾಡಿತು. ಅದರ ಒದ್ದೆ ಬಟ್ಟೆ ಬದಲಿಸಬೇಕೆಂದು ಯಾರೆಲಿ ಕಂಬಳಿ ಪಕ್ಕಕ್ಕಿಟ್ಟು ಎದ್ದಳು. ನಮ್ಮ ರೈಲಿನಲ್ಲಿ ಕೂರುವುದು ಮೇಲೆ, ಪಾಯಿಖಾನೆ ಕೆಳಗೆ. ಅವಳು ಮೆಟ್ಟಿಲ ಕಡೆ ತಿರುಗಿದಾಗ ನಾನು ನೋಡಿದೆ. ನೀಲಿ ಜೀನ್ಸ್. ಅಪ್ಪಟ ನೀಲಿ.

ಕೈಯಲ್ಲಿ ಉಳಿದಿದ್ದ ಬುರಿಟೊ ಪಕ್ಕಕ್ಕಿಟ್ಟೆ. ಒಳಗಿರುವವರಿಗೆ ತೊಡಿಸುವುದು ನೀಲಿ. ನೋಡಲು ಬಂದವರು ಅದೇ ಬಣ್ಣದಲ್ಲಿದ್ದರೆ ಗೇಟಿನಿಂದಲೇ ವಾಪಸು, ಯಾರ ಕಾಲು ಹಿಡಿದರೂ ಬಿಡುವುದಿಲ್ಲ. ಇದು ಈ ರೈಲಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತು.

"ದೋನ್ಯಾ, ಅವಳು ಹಾಕ್ಕೊಂಡಿರೋದನ್ನ ನೋಡಿದ್ರಾ?" ಎಂದೆ.

"ನೋಡ್ದೆ."

"ಯಾವಾಗ?"

"ಬೆಳಿಗ್ಗೆ ಕರೆಯೋಕೆ ಹೋದಾಗ, ಅವಳ ಮನೇಲಿ."

"ಮತ್ತೆ ಹೇಳ್ಲಿಲ್ವಾ?"

"ಅವಳು ಕೇಳ್ಲಿಲ್ಲ" ಎಂದಳು ಎರ್ಮಿನಿಯಾ, ಕಿಟಕಿಯಿಂದ ಮುಖ ತಿರುಗಿಸದೆ.

ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಬಿಡೋಣ ಎನಿಸುವಷ್ಟರಲ್ಲಿ ಯಾರೆಲಿ ಮಗುವನ್ನು ಎತ್ತಿಕೊಂಡು ಮೇಲೆ ಬಂದಳು. ಇನ್ನು ಮುಚ್ಚಿಟ್ಟು ಫಲವೇನು? ನೇರವಾಗಿ ಹೇಳಿಬಿಟ್ಟೆ. ಅವಳು ಮೊದಲು ನಕ್ಕಳು, ತಮಾಷೆ ಮಾಡುತ್ತಿದ್ದೇನೆಂದು. ಆಮೇಲೆ ಸುತ್ತ ಕೂತ ಹೆಂಗಸರ ಕಾಲುಗಳನ್ನು ಒಂದೊಂದಾಗಿ ನೋಡಿದಳು. ಕಪ್ಪು, ಕಂದು, ಬೂದು, ಹೂವಿನ ಸ್ಕರ್ಟು. ನೀಲಿ ಇದ್ದದ್ದು ಅವಳೊಬ್ಬಳ ಕಾಲಲ್ಲಿ.

"ಅತ್ತೆ, ನಿನ್ನೆ ರಾತ್ರಿ ಫೋನ್ ಮಾಡಿ ಕೇಳಿದ್ನಲ್ಲ" ಎಂದಳು. "ಏನು ಹಾಕ್ಕೊಂಡು ಬರ್ಲಿ ಅಂದೆ. ಅವನಿಗಿಷ್ಟ ಆಗೋದು ಹಾಕ್ಕೋ ಅಂದ್ರಿ. ಇದು ಅವನೇ ಕೊಡ್ಸಿದ್ದು. ಹೆರಿಗೆ ಆದ್ಮೇಲೆ ಇವತ್ತೇ ಮೊದಲು ಇದು ನನ್ನ ಮೈಗೆ ಹಿಡಿದಿದ್ದು."

ಎರ್ಮಿನಿಯಾ ತನ್ನ ಸ್ಕರ್ಟಿನ ನೆರಿಗೆ ಸರಿಮಾಡಿಕೊಂಡಳು. ಹುಡುಗಿಗೆ ಎಲ್ಲ ಅರ್ಥವಾಯಿತು. ಅವಳು ಕೂಗಾಡಿದ್ದರೆ ನನಗೆ ಹಿತವಾಗಿರುತ್ತಿತ್ತು. ಅವಳು ಮಗುವನ್ನು ಅವುಚಿಕೊಂಡು ತುಟಿ ಕಚ್ಚಿ ಕೂತಳು ಅಷ್ಟೆ.

ನಾನು ಸುಮ್ಮನಿರುವವಳೇ? ಡಬ್ಬಿಯ ಈ ತುದಿಯಿಂದ ಆ ತುದಿಗೆ ಹೋಗಿ ಕೇಳಿದೆ. ಯಾರ ಹತ್ತಿರವೂ ಇನ್ನೊಂದು ಬಟ್ಟೆ ಇಲ್ಲ. ಜೈಲಿನ ಮುಂದೆ ಬಟ್ಟೆ ಎರವಲು ಕೊಡುವ ಒಂದು ಕೋಣೆಯಿದೆ, ಭಾನುವಾರ ಅದಕ್ಕೆ ಬೀಗ. ಊರಿನ ಇನ್ನೊಂದು ತುದಿಯಲ್ಲಿ ಅಗ್ಗದ ಬಟ್ಟೆಯಂಗಡಿಯಿದೆ. ಇಳಿದವಳೇ ಅಲ್ಲಿಗೆ ಓಡಿದರೆ ಎರಡು ಗಂಟೆಗೆ ಮೊದಲೇ ಗೇಟು ಮುಟ್ಟಬಹುದು ಎಂದು ಲೆಕ್ಕ ಹಾಕಿ ಯಾರೆಲಿಗೆ ಹೇಳಿದೆ. ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು.

ನನ್ನ ಪ್ಯಾಂಟನ್ನೇ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಪ್ಯಾಂಟಿನಲ್ಲಿ ಅವಳಂಥವರು ಇಬ್ಬರು ಹಿಡಿಸುತ್ತಾರೆ, ಸೊಂಟಕ್ಕೆ ಪಿನ್ನು ಹಾಕಿದರೆ ಲೋಹ ಎಂದು ಯಂತ್ರ ಕಿರುಚುತ್ತದೆ. ಅಷ್ಟೇ ಅಲ್ಲ, ನನ್ನ ಗಂಡನೂ ಒಳಗೆ ಕಾಯುತ್ತಿದ್ದ. ಕೊಡಲು ನನಗೆ ಮನಸ್ಸಿರಲಿಲ್ಲ.

ಫ್ರೆಸ್ನೊ ಬಿಟ್ಟು ಸ್ವಲ್ಪ ದೂರ ಹೋದ ರೈಲು ನಿಧಾನವಾಗಿ ಪಕ್ಕದ ಹಳಿಗೆ ಸರಿದು ನಿಂತುಬಿಟ್ಟಿತು. ಹಳಿ ಗೂಡ್ಸಿನವರದು, ನಾವು ಅದರ ಮೇಲೆ ಬಾಡಿಗೆಗಿರುವವರು. ಅವರ ಗಾಡಿ ಬಂದರೆ ನಾವು ದಾರಿ ಬಿಟ್ಟು ನಿಲ್ಲಬೇಕು. ಬಂತೋ, ಅದೂ ಇಲ್ಲ. ಮಂಜಿನಲ್ಲಿ ಎಲ್ಲೋ ಹಸುಗಳ ಕೊಟ್ಟಿಗೆಯ ವಾಸನೆ, ಹೊರಗೆ ಬಾದಾಮಿ ಮರಗಳ ಬೋಳು ಸಾಲು. ಹಿಂದಿನ ಸೀಟಿನ ಸೈಕಲ್ಲಿನವರು ಇಸ್ಪೀಟು ತೆಗೆದರು.

ಟಿಕೆಟ್ ನೋಡುವವನು ಹಾದುಹೋದಾಗ ಯಾರೆಲಿ ಅವನ ತೋಳನ್ನೇ ಹಿಡಿದಳು. "ಎಷ್ಟೊತ್ತು ಸಾರ್?"

"ಎರಡು ಗೂಡ್ಸು ಬಿಡ್ಬೇಕಮ್ಮ. ಮಂಜು ಬೇರೆ. ನಾನು ಹೇಳಿದ್ರೆ ಅವು ಬೇಗ ಬರುತ್ವಾ?" ಎಂದು ಅವನು ಮುಂದೆ ಹೋದ.

ಮೊದಲ ಗೂಡ್ಸು ಬಂತು. ಡಬ್ಬಿಯ ಮೇಲೆ ಡಬ್ಬಿ ಹೇರಿಕೊಂಡು, ಮುಗಿಯುವ ಲಕ್ಷಣವೇ ಇಲ್ಲದೆ ಹೋಯಿತು. ಎರಡನೆಯದರ ಸುಳಿವೇ ಇಲ್ಲ. ಹನ್ನೆರಡು ಆಯಿತು, ಒಂದು ಸಮೀಪಿಸಿತು. ಅಂಗಡಿಗೆ ಓಡುವ ಮಾತು ಅಲ್ಲಿಗೆ ಮುಗಿಯಿತು. ಈಗ ನೇರ ಗೇಟಿಗೆ ಹೋದರೂ ಸಿಕ್ಕರೆ ಸಿಕ್ಕಿತು. ಹೆಂಗಸರೆಲ್ಲ ಎದ್ದು ನಿಂತಿದ್ದರು, ನಿಂತರೆ ರೈಲು ಹೊರಡುತ್ತದೆ ಎಂಬಂತೆ. ಯಾರೆಲಿ ತನಗೇ ತಿಳಿಯದೆ ಮೊಣಕಾಲು ಕುಣಿಸುತ್ತಿದ್ದಳು. ಅದರ ಮೇಲೆ ಕೂತ ಮಗು ಆಟವೆಂದುಕೊಂಡು ನಗುತ್ತಿತ್ತು.

ನಾನು ಎರ್ಮಿನಿಯಾಳ ಕಡೆ ಬಾಗಿದೆ. "ನಿಮ್ಮಿಬ್ಬರ ಸೊಂಟದ ಅಳತೆ ಹೆಚ್ಚುಕಮ್ಮಿ ಒಂದೇ. ನಿಮ್ಮ ಸ್ಕರ್ಟಿಗೆ ಎಲಾಸ್ಟಿಕ್ ಬೇರೆ ಇದೆ."

"ಅವಳ ದೆಸೆಯಿಂದ ತಾನೇ ಅವನು ಒಳಗೆ ಹೋಗಿದ್ದು?" ಎಂದಳು. ಧ್ವನಿ ತಗ್ಗಿತ್ತು, ಆದರೆ ಯಾರೆಲಿಗೂ ಕೇಳಿಸುವಷ್ಟಿತ್ತು. "ಬಾರಲ್ಲಿ ಇವಳ ಕೈ ಹಿಡ್ದ ಅಂತ ಯಾವನಿಗೋ ಬಾಟ್ಲೀಲಿ ಹೊಡ್ದ. ಇವಳು ಮನೇಲಿ ಕೂತಿದ್ರೆ ಆಗ್ತಿತ್ತಾ? ವಾರ ವಾರ ಈ ರೈಲಲ್ಲಿ ಬಂದವಳು ನಾನು. ಇವತ್ತೊಂದಿನ ನನ್ನ ಮಗ ನನ್ನ ಮುಖ ನೋಡ್ಕೊಂಡು ಮಾತಾಡ್ಲಿ ಅಂತ ಆಸೆ. ಇವಳು ಬಂದ್ರೆ ನಾನು ಅವನ ಕಣ್ಣಿಗೆ ಬೀಳ್ತೀನಾ?"

ಮುದುಕಿಯ ಸಂಕಟ ಸುಳ್ಳಲ್ಲ. ಆದರೂ ಕಪಾಳಕ್ಕೆ ಬಿಡಬೇಕೆಂಬ ನನ್ನ ಆಸೆ ಕಡಿಮೆಯಾಗಲಿಲ್ಲ.

ಯಾರೆಲಿ ಕಣ್ಣೊರೆಸಿಕೊಂಡಳು. "ಆಯ್ತು ಅತ್ತೆ, ನೀವೇ ಹೋಗಿ. ಮಗೂನೂ ಕರ್ಕೊಂಡು ಹೋಗಿ, ನಾನು ಹೊರಗಿರ್ತೀನಿ. ಬಿಸಿ ನೀರಿನ ಬಾಟ್ಲಿ ಇದೆ, ಹಸಿವಾದ್ರೆ ಹಾಲು ಕಲಸ್ಕೊಡಿ. ಹಲ್ಲು ಬಂದಿದೆ ಅಂತ ತೋರ್ಸಿ. ಅವನು ಎತ್ಕೊಂಡಾಗ ಅತ್ರೆ ತಕ್ಷಣ ವಾಪಸ್ ಇಸ್ಕೋಬೇಡಿ, ಸ್ವಲ್ಪ ಹೊತ್ತಿಗೆ ಸುಮ್ನಾಗ್ತಾಳೆ" ಎಂದು ಮಗುವನ್ನು ಅತ್ತೆಯ ಕಡೆ ಚಾಚಿದಳು.

ಎರ್ಮಿನಿಯಾ ಕೈ ಚಾಚಿದಳು. ಎರಡೂ ಕೈ. ಅವಳ ಮುಖದಲ್ಲಿ ಮಿಂಚಿದ ಆಸೆಯನ್ನು ನೋಡಲು ನನಗೇ ನಾಚಿಕೆಯಾಯಿತು.

"ಅದು ಆಗಲ್ಲ. ಹೆತ್ತವಳು ಜೊತೇಲಿಲ್ದೆ ಮಗೂನ ಒಳಗೆ ಬಿಡಲ್ಲ. ಅಜ್ಜಿ ತರಬೇಕು ಅಂದ್ರೆ ನೋಟರಿ ಸಹಿ ಬೇಕು. ಭಾನುವಾರ ಯಾವ ನೋಟರಿ ಸಿಗ್ತಾನೆ?" ಎಂದೆ.

ಎರ್ಮಿನಿಯಾ ನನ್ನ ಮುಖ ನೋಡಿದಳು. ಇಷ್ಟು ದಿನ ಒಂಟಿಯಾಗಿ ಬಂದುಹೋದವಳಿಗೆ ಮಕ್ಕಳ ನಿಯಮ ಯಾಕೆ ಗೊತ್ತಿರಬೇಕು? ಅವಳು ಸೊಸೆಗೆ ಹಾಕಿದ ಅಡ್ಡಗಾಲು ಮೊಮ್ಮಗಳಿಗೂ, ತನ್ನ ಮಗನಿಗೂ ತಗುಲಿತ್ತು. ಚಾಚಿದ ಕೈ ಹಾಗೇ ನಿಂತಿತು. ಮಗು ಆ ಕೈಯ ಒಂದು ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಿತು.

ಅಷ್ಟರಲ್ಲಿ ಎರಡನೆಯ ಗೂಡ್ಸು ಗಡಗಡ ಎಂದು ಪಕ್ಕದಲ್ಲಿ ಹಾದು, ನಮ್ಮ ಡಬ್ಬಿ ಒಮ್ಮೆ ಜಗ್ಗಿ ಹೊರಟಿತು.

ಹ್ಯಾನ್‌ಫರ್ಡ್ ಬಂತು, ಹೋಯಿತು. ಮುಂದಿನದೇ ನಾವು ಇಳಿಯುವ, ಜೈಲಿರುವ ಊರು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ, ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಹಾಕಿಕೊಂಡವಳಲ್ಲ. ಮೈಕಿನಲ್ಲಿ ನಿಲ್ದಾಣದ ಹೆಸರು ಕೂಗಿದ ಮೇಲೆ ಮುದುಕಿ ದಡಕ್ಕನೆ ಎದ್ದಳು.

"ಬಾರೇ" ಎಂದಳು ಸೊಸೆಗೆ. "ಮಗೂನ ಚಾಯೋಗೆ ಕೊಡು."

ಇಬ್ಬರೂ ಮೆಟ್ಟಿಲಿಳಿದರು. ನಾನೂ ಮಗುವನ್ನು ಎತ್ತಿಕೊಂಡು ಹಿಂದೆ ಓಡಿದೆ. ಒಬ್ಬರಿಗೇ ತಿರುಗಲು ಜಾಗವಿಲ್ಲದ ಪಾಯಿಖಾನೆಯೊಳಗೆ ಇಬ್ಬರೂ ಸೇರಿ ಚಿಲಕ ಹಾಕಿಕೊಂಡರು. ಒಳಗಿನಿಂದ ಗೋಡೆಗೆ ಮೊಣಕೈ ಬಡಿಯುವ ಸದ್ದು, "ಕಾಲೆತ್ತು", "ಅಯ್ಯೋ, ನಿಧಾನ ಅತ್ತೆ", "ಎಳೀಬೇಡ, ಹರಿಯುತ್ತೆ". ರೈಲು ನಿಧಾನವಾಗುತ್ತಿತ್ತು. ನಾನು ಬಾಗಿಲು ಗುದ್ದಿದೆ. ರೈಲು ನಿಂತಿತು. ಹೆಂಗಸರೆಲ್ಲ ಇಳಿದರು. ಟಿಕೆಟಿನವನು ಬಾಗಿಲು ಹಾಕಲು ಬಂದ.

"ಒಂದು ಹೆಜ್ಜೆ ಮುಂದೆ ಇಟ್ರೆ ಈ ಮಗೂನ ನಿಮ್ಮ ಕೈಗೆ ಕೊಟ್ಟು ಹೋಗ್ತೀನಿ" ಎಂದು ಅಡ್ಡ ನಿಂತೆ. ಅವನು ನಿಂತ.

ಚಿಲಕ ತೆರೆಯಿತು. ಯಾರೆಲಿ ಕಪ್ಪು ಸ್ಕರ್ಟಿನಲ್ಲಿ. ಹಿಂದೆ ಅರವತ್ತೈದರ ದೋನ್ಯಾ ಎರ್ಮಿನಿಯಾ ಬಿಗಿ ನೀಲಿ ಜೀನ್ಸಿನಲ್ಲಿ, ಹಾಕಲಾಗದ ಗುಂಡಿಯ ಮೇಲೆ ಸ್ವೆಟರ್ ಎಳೆದುಕೊಂಡು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಹೊರಗೆ ಕಾಯುತ್ತಿದ್ದ ವ್ಯಾನಿನಲ್ಲಿ ತುರುಕಿಕೊಂಡು ಹೋದೆವು. ಗೇಟಿನ ಕಾವಲುಗಾರ್ತಿ ಆಗಲೇ ಸರಪಳಿ ಕೈಗೆತ್ತಿಕೊಂಡಿದ್ದಳು. ಯಾರೆಲಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಸ್ಕರ್ಟಿನ ಅಂಚು ಮೊಣಕಾಲು ಮುಚ್ಚಿದೆಯೇ ಎಂದು ಬಾಗಿ ನೋಡಿದಳು. ಮಗುವಿನ ಜನನ ಪತ್ರ ನೋಡಿದಳು. "ಹೋಗಿ" ಎಂದಳು. ಎರ್ಮಿನಿಯಾ ಸಾಲಿಗೆ ಬರಲೇ ಇಲ್ಲ. ಕಾರುಗಳನ್ನು ನಿಲ್ಲಿಸುವ ಜಾಗದ ಸಿಮೆಂಟ್ ಬೆಂಚಿನ ಮೇಲೆ, ಬೇಲಿಗೆ ಮುಖ ಮಾಡಿ ಕೂತಳು.

ಒಳಗೆ ನಮಗೆ ಸಿಕ್ಕಿದ್ದು ಅಕ್ಕಪಕ್ಕದ ಮೇಜು. ನೋಯೆ ಬಂದ. ಹೆಂಡತಿಯನ್ನು ತಬ್ಬಿಕೊಂಡ, ಮಗುವನ್ನು ತೆಗೆದುಕೊಂಡ. ದಾಲಿಯಾ ಅತ್ತಳು, ಆಮೇಲೆ ಸುಮ್ಮನಾಗಿ ಅವನ ಕಿವಿ ಹಿಡಿದಳು. ಅವನು ನಗುತ್ತಲೇ ಬಾಗಿಲ ಕಡೆ ನೋಡಿದ. ಮತ್ತೆ ನೋಡಿದ. ಯಾರೆಲಿ ಮುಂದೆ ಬಾಗಿ ಏನೋ ಹೇಳಿದಳು. ಅವನು ಮಗುವಿನ ತಲೆಗೆ ಕೆನ್ನೆಯಿಟ್ಟು ಅತ್ತುಬಿಟ್ಟ. ಲಾಸಾರೋ ನನ್ನನ್ನು ಏನೇನೋ ಕೇಳುತ್ತಿದ್ದ, ನಾನು ಹೂಂ ಹೂಂ ಎನ್ನುತ್ತಿದ್ದೆ.

ಹೊರಗೆ ಬಂದಾಗ ಮಂಜು ಸರಿದು ತೆಳು ಬಿಸಿಲು ಬಿದ್ದಿತ್ತು. ಎರ್ಮಿನಿಯಾ ಬೆಂಚಿನಿಂದ ಎದ್ದಳು. ನಮ್ಮ ಹತ್ತಿರ ಬರದೆ ಅಲ್ಲೇ ನಿಂತು ಕಾದಳು.

"ನನ್ನ ಕೇಳಿದ್ನಾ?" ಎಂದಳು.

"ಕೇಳಿದ. ಮೊದಲು ಅದನ್ನೇ ಕೇಳಿದ" ಎಂದಳು ಯಾರೆಲಿ.

"ಏನು ಹೇಳ್ದೆ?"

ನಾನು ಕಿವಿ ನೆಟ್ಟಗೆ ಮಾಡಿದೆ. ಮುದುಕಿ ಮಾಡಿದ್ದನ್ನು ಇವಳು ನೋಯೆಗೆ ಹೇಳದಿದ್ದರೆ ನಾನೇ ಹೇಳಿಕಳಿಸುತ್ತೇನೆ, ಲಾಸಾರೋ ಇದ್ದಾನಲ್ಲ ಎಂದುಕೊಂಡಿದ್ದೆ.

"ರೈಲಲ್ಲಿ ಮಗು ನನ್ನ ಬಟ್ಟೆ ಮೇಲೆ ವಾಂತಿ ಮಾಡ್ತು, ನೀವು ನಿಮ್ದನ್ನ ಬಿಚ್ಚಿಕೊಟ್ರಿ, ಅದಕ್ಕೆ ಹೊರಗೇ ಉಳಿದ್ರಿ ಅಂದೆ" ಎಂದಳು ಯಾರೆಲಿ. "ಅವನು ಅತ್ತ. ನಮ್ಮಮ್ಮ ಯಾವಾಗ್ಲೂ ಹಾಗೇ, ತನಗೆ ಅಂತ ಏನೂ ಇಟ್ಕೊಳ್ಳೋಳಲ್ಲ ಅಂದ. ನಿಮ್ಮನ್ನ ಚೆನ್ನಾಗಿ ನೋಡ್ಕೋ ಅಂತ ನನ್ನ ಹತ್ರ ಮಾತು ತಗೊಂಡ."

ಎರ್ಮಿನಿಯಾ ಸ್ವೆಟರನ್ನು ಜೀನ್ಸಿನ ಮೇಲೆ ಇನ್ನಷ್ಟು ಕೆಳಗೆ ಎಳೆದುಕೊಂಡಳು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ತಿರುಗಿ ಬೈಯುತ್ತಿದ್ದಳು ಕೂಡ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ನಾನು ಕೂಡಿಟ್ಟುಕೊಂಡಿದ್ದ ಮಾತೂ ಬಾಯಲ್ಲೇ ಉಳಿಯಿತು.

"ತಗೊಳ್ಳಿ ಅತ್ತೆ" ಎಂದು ಯಾರೆಲಿ ಮಗುವನ್ನು ಅವಳ ಕೈಗಿಟ್ಟಳು. "ಟೈಮಾಯ್ತು ಅಂತ ಹೇಳೋವರೆಗೂ ಇವಳನ್ನ ಕೆಳಗಿಳಿಸ್ಲಿಲ್ಲ. ಇಲ್ಲಿ, ತಲೆ ಹತ್ರ ನೋಡಿ. ಇನ್ನೂ ಅವನ ಸೋಪಿನ ವಾಸನೆ ಇದೆ."

ಎರ್ಮಿನಿಯಾ ಮಗುವಿನ ತಲೆಗೆ ಮೂಗು ಒತ್ತಿ ನಿಂತಳು. ವ್ಯಾನಿನವನು ಎರಡು ಸಲ ಹಾರನ್ ಹೊಡೆದ. ಅವಳು ಅಲ್ಲಾಡಲಿಲ್ಲ. ಕೊನೆಗೆ ಯಾರೆಲಿಯೇ ಅವಳ ತೋಳು ಹಿಡಿದು ನಡೆಸಿಕೊಂಡು ಬಂದಳು.