ನೀರುಗಂಟಿಯ ಗದ್ದೆ

ಮಲ್ಲಿಗಮ್ಮ ಒದ್ದೆ ಬಟ್ಟೆಯಿಂದ ಗಂಡನ ಕಾಲನ್ನು ಉಜ್ಜುತ್ತಲೇ ಇದ್ದಳು. ಜೀವಮಾನವಿಡೀ ಕಾಲುವೆಯಲ್ಲಿ ನಿಂತ ಕಾಲು. ಉಗುರುಸಂದಿಯ ಕೆಸರು ಹೋಗುವುದೆಂದರೆ ಸುಮ್ಮನೆಯೇ?

"ಸಾಕು ಬುಡಕ್ಕ, ಚರ್ಮ ಕಿತ್ಕ ಬತ್ತದೆ," ಎಂದಳು ಸೋಮಮ್ಮ. ಗುಣಿ ತೋಡುವ ಚೌಡಯ್ಯನನ್ನು ಬಿಟ್ಟರೆ ಬೆಳಗಿನಿಂದ ಊರೊಳಗಿಂದ ಬಂದವಳು ಅವಳೊಬ್ಬಳೇ.

"ಚಟ್ಟ ಒರಕ್ಕೆ ನಾಕು ಎಗ್ಲಾದ್ರೂ ಬ್ಯಾಡ್ವಾ ಸೋಮಿ? ಒಬ್ರೂ ಈ ಕಡೆ ತಲೆ ಆಕ್ನಿಲ್ವಲ್ಲ."

"ಇವತ್ತು ಸರದಿ ನೀರು ಬಿಟ್ಟವ್ರೆ ಕಣಕ್ಕ..." ಎಂದಳು ಸೋಮಮ್ಮ.

ಹೇಳುವುದೇ ಬೇಡ. ಕನ್ನಂಬಾಡಿಯಲ್ಲಿ ಬಿಟ್ಟ ನೀರು ಮಂಡ್ಯದ ಕಬ್ಬು, ಮದ್ದೂರಿನ ಭತ್ತ ಎಲ್ಲವನ್ನೂ ನೆನೆಸಿ ಮಳವಳ್ಳಿಯ ಈ ಹಳ್ಳಿ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಅಂಥ ನೀರು ಬಂದ ದಿನ ಇಲ್ಲಿಯ ರೈತ ಹೆಂಡತಿಯ ಹೆರಿಗೆಗೂ ಮನೆಯಲ್ಲಿ ನಿಲ್ಲುವವನಲ್ಲ. ನೀರುಗಂಟಿ ಸತ್ತನೆಂದು ನಿಂತಾನೆಯೇ? ಈವತ್ತು ಯಾರ ಸರದಿ, ಯಾರ ತೂಬು ಎತ್ತಬೇಕು, ಯಾರದು ಮುಚ್ಚಬೇಕು ಎನ್ನುವುದು ಇಷ್ಟು ವರ್ಷ ಅವಳ ಗಂಡ ನಾಗಯ್ಯನ ಕೈಯಲ್ಲಿತ್ತು. ಹಾಗಾಗಿ ಎಲ್ಲರಿಗೂ ಅವನು ಬೇಕಾಗಿದ್ದ, ಯಾರಿಗೂ ಆಗದವನೂ ಆಗಿದ್ದ.

ನಾಗಯ್ಯನ ಗದ್ದೆಯಲ್ಲೇ ಗುಣಿ ತೋಡಲು ಹೊರಟ ಚೌಡಯ್ಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಕಾಲುವೆ ನಿಮ್ ಗದ್ದೆಲೇ ಮುಗೀತದೆ, ಅಲ್ಗೆ ತೂಬೂ ಇಲ್ಲ. ನೀರು ನುಗ್ಗುದ್ರೆ?"

"ಅವ್ರು ಬದುಕಿದ್ದಾಗ ಬರ್ದಿದ್ ನೀರು ಈಗ ಬತ್ತದಾ? ಓಗಿ ತೋಡಪ್ಪ."

*

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಆಸೆಯಿಂದ ಕೇಳಿದ್ದಳು. "ಒಂದೇ ಒಂದ್ ಸಲ ನಮ್ ಗದ್ದೆಗೆ ತಿರುಗ್ಸಿ. ನನ್ ಕೈಯಾರ ಪೈರು ನೆಡ್ತೀನಿ."

ನಾಗಯ್ಯ ಗುದ್ದಲಿ ಹೆಗಲಿಗೇರಿಸಿ ನಕ್ಕಿದ್ದ. "ನಾನೇ ತಿರುಗ್ಸ್ಕಂಡ್ರೆ ನಾಳೆ ಯಾರ್ನ ತಡೀಲಿ? ಎಲ್ಲಾರ್ದೂ ಆಗ್ಲಿ, ಮಿಕ್ಕುದ್ರೆ ನಮ್ಗೆ."

ಮಿಕ್ಕಲಿಲ್ಲ. ಹೆಸರಿಗೆ ಗದ್ದೆ, ಬೆಳೆದದ್ದು ಹುರುಳಿ. ನೀರಿನ ದಿನಗಳಲ್ಲಿ ಅವನು ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಕುಡಿದರೆ ಋಣ, ಋಣಕ್ಕೆ ನೀರು ಕೇಳುತ್ತಾರೆ. ಮುಟ್ಟದವನ ಮನೆಗೆ ಜನವೂ ಬರುವುದು ಬಿಟ್ಟಿತು. ಮಲ್ಲಿಗಮ್ಮ ಕಾಲುವೆ ಏರಿಯ ಮೇಲಿನ ಆ ಒಂಟಿಮನೆಯಲ್ಲಿ ಕೋಳಿಗಳ ಜೊತೆ ಮಾತಾಡಿ ದಿನ ಕಳೆದಳು. ಗಂಡನ ಮೇಲೆ ಅವಳಿಗೆ ಸಿಟ್ಟಿತ್ತು. ಹೆಮ್ಮೆಯೂ ಇತ್ತು, ಅದನ್ನು ಮಾತ್ರ ಬಾಯಿಬಿಟ್ಟು ಹೇಳಿದವಳಲ್ಲ.

*

ಹೊತ್ತು ನೆತ್ತಿಗೇರುವ ಮುಂಚೆ ಏರಿಯ ಮೇಲೆ ಹೊನ್ನಯ್ಯ ಕಾಣಿಸಿಕೊಂಡ. ಕಾಲುವೆಯ ಮೊದಲ ಗದ್ದೆಯವನು. ಸರದಿ ಮೀರಿ ಎತ್ತಿದ್ದ ತೂಬನ್ನು ನಾಗಯ್ಯ ಮುಚ್ಚಿದಂದಿನಿಂದ ಮಾತು ಬಿಟ್ಟವನು. ಅವನ ಹಿಂದೆ ಊರಿನ ಗಂಡಸರೆಲ್ಲ ತಲೆ ತಗ್ಗಿಸಿ ನಡೆದು ಬಂದರು.

"ಬಂದಿರೋ ನೀರ್ನೂ ಬುಟ್ಟು ಬಂದ್ರಾ ಒನ್ನಣ್ಣ?" ಮಲ್ಲಿಗಮ್ಮ ಎದ್ದು ಬಾಗಿಲಿಗೆ ಬಂದಳು.

"ಇನ್ನೇನು ಮತ್ತೆ? ಸರದಿ ಯಾರ್ದು ಅಂತ ಏಳೋನೇ ಮನಗವ್ನೆ. ಅವ್ನಿಲ್ದೆ ಯಾರ್ ತೂಬು ಎತ್ತದು? ಎಲ್ರೂ ಮುಚ್ಚೇ ಬಂದೋ. ಮಣ್ಣಾದ್ಮೇಲೆ ನೋಡ್ಕಳಾನ ಬುಡವ್ವ."

ಹೆಗಲುಗಳು ಹೆಚ್ಚೇ ಆದವು. ಹೊನ್ನಯ್ಯ ಚಟ್ಟದ ಮುಂದಿನ ಬಿದಿರನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಮಲ್ಲಿಗಮ್ಮ ಸೋಮಮ್ಮನ ಕೈ ಹಿಡಿದು ಹಿಂದೆ ನಡೆದಳು.

ಗದ್ದೆಯ ಬದುವಿನಲ್ಲಿ ಚೌಡಯ್ಯ ಮೊಣಕಾಲವರೆಗೆ ಒದ್ದೆಯಾಗಿ ನಿಂತಿದ್ದ. "ನಾನೇನ್ಮಾಡ್ಲಿ? ನುಗ್ಗೇಬುಡ್ತು."

ದಾರಿಯಲ್ಲಿ ಒಂದು ತೂಬೂ ತೆರೆದಿರಲಿಲ್ಲ. ತಡೆಯುವವರಿಲ್ಲದ ನೀರು ನೆಟ್ಟಗೆ ಕಟ್ಟಕಡೆಯ ಗದ್ದೆಗೆ ಬಂದಿತ್ತು. ಗುಣಿ ತುಂಬಿತ್ತು. ಹುರುಳಿಯ ಒಣ ಕೂಳೆಗಳ ನಡುವೆ ನೀರು ಹರಡುತ್ತಿತ್ತು.

"ಅಯ್ಯೋ, ಎಂಥ ಕೆಲ್ಸ ಆಯ್ತು!" ಹೊನ್ನಯ್ಯ ಚಟ್ಟವನ್ನು ಬದುವಿನ ಮೇಲೆ ಇಳಿಸಿದ. "ಓಡಿ ಓಗಿ ನನ್ ತೂಬು ಎತ್ತುತೀನಿ, ನೀರು ಆ ಕಡೆ ತಿರುಗ್ತದೆ. ಗುಣಿ ಬ್ಯಾರೆ ಕಡೆ ತೋಡಾನ."

"ಇರಣ್ಣ," ಎಂದಳು ಮಲ್ಲಿಗಮ್ಮ. "ಒಸಿ ಕುಡೀಲಿ."

ಯಾರೂ ಕದಲಲಿಲ್ಲ. ನಮ್ಮ ಗದ್ದೆಗೆ ನೀರು ಬಂತು ನೋಡಿ ಎಂದು ಅವಳಿಗೆ ಕೂಗಬೇಕೆನ್ನಿಸಿತು. ಕೂಗಿ ಹೇಳಬೇಕಾಗಿದ್ದ ಒಬ್ಬನೇ ಒಬ್ಬ ಚಟ್ಟದ ಮೇಲಿದ್ದ.

ಅವಳು ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದಳು. ಬಗ್ಗಿ ಒಂದು ಹಿಡಿ ಕೆಸರು ತೆಗೆದು, ಬೆಳಗಿನಿಂದ ಉಜ್ಜಿ ಉಜ್ಜಿ ತೊಳೆದಿದ್ದ ಆ ಕಾಲುಗಳಿಗೆ ಮೆತ್ತತೊಡಗಿದಳು.